ಡೇರೆ ಕೆಳಗಿರಲಿ

ರಜೆ ಬಂತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಸಂಸಾರಸ್ಥರಿಗೆ ಈಗ ಘಟ್ಟದ ಹುಚ್ಚು. ಕಾರಿನ ಹಿಂಬದಿಯಲ್ಲಿ ಮಡಚಿದ ಡೇರೆ, ಒಲೆ, ಪಾತ್ರೆ ಪರಡಿ. ಮುಂದೆ ಅಪ್ಪ ಅಮ್ಮ, ನಡುವೆ ಮಕ್ಕಳು. ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಹತ್ತಿದರೆ ಮಾಸ್ತಿಕಟ್ಟೆ. ಅಲ್ಲಿಂದ ಮುಂದೆ ನಗರದ ಕೋಟೆ, ಕವಲೇದುರ್ಗ. ಈ ಹುಚ್ಚು ಒಳ್ಳೆಯದೇ. ಮಕ್ಕಳು ಇತಿಹಾಸವನ್ನು ಪಾಠಪುಸ್ತಕದಲ್ಲಿ ಕಾಣುವುದಕ್ಕಿಂತ ಕಾಲ ಕೆಳಗೆ ಕಾಣುವುದು ಮೇಲು. ನನ್ನ ತಕರಾರು ಒಂದೇ: ಕೋಟೆಯನ್ನು ನೋಡಿ ಬಂದರೆ ಸಾಲದು, ಅದರೊಳಗೇ ಬಿಡಾರ ಹೂಡಿ ಒಂದು ರಾತ್ರಿ ಕಳೆಯಬೇಕು ಎಂಬ ಹೊಸ ಹಂಬಲ.

"ಪಾಳುಬಿದ್ದ ಗುಡ್ಡ ಸ್ವಾಮಿ, ಯಾರ ಮನೆಯೂ ಅಲ್ಲ. ಒಂದು ರಾತ್ರಿ ಮಲಗಿ ಎದ್ದರೆ ಯಾರ ಗಂಟು ಹೋಯಿತು?" ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರವನ್ನೂ ಕೇಳಲಿ.

ಕವಲೇದುರ್ಗ ಬರಿಯ ಗುಡ್ಡವಲ್ಲ, ಊರು. ಕೆಳದಿಯ ವೆಂಕಟಪ್ಪ ನಾಯಕನ ಕಾಲದಲ್ಲಿ ಅಲ್ಲಿ ಅರಮನೆಯಿತ್ತು, ಮಠವಿತ್ತು, ಅಗ್ರಹಾರವಿತ್ತು, ಕಣಜವಿತ್ತು, ಲಾಯವಿತ್ತು, ಕೆರೆಯಿತ್ತು. ಅರಮನೆಯ ಅಡಿಗೆಮನೆಯ ಕಲ್ಲಿನ ಒಲೆಯನ್ನು ಇಂದಿಗೂ ನೋಡಬಹುದು. ಒಲೆ ಉರಿದ ಜಾಗವನ್ನು ಯಾರ ಮನೆಯೂ ಅಲ್ಲ ಎನ್ನುವುದು ಹೇಗೆ?

ಕರಾವಳಿಯ ನಮಗಂತೂ ಹಾಗೆನ್ನುವ ಬಾಯಿ ಇರಬಾರದು. ಬಸರೂರು ಕೆಳದಿ ಅರಸರ ದೊಡ್ಡ ಬಂದರು. ಇಲ್ಲಿಯ ಅಕ್ಕಿಗೆ ಗೋವೆಯ ಪೋರ್ಚುಗೀಸರು ಕಾದು ಕುಳಿತಿದ್ದರು. ಘಟ್ಟದ ಮೆಣಸು ಇಳಿದು ಬಂದು ಹಡಗು ಹತ್ತುತ್ತಿತ್ತು. 1665ರಲ್ಲಿ ಶಿವಾಜಿ ಸಮುದ್ರದ ದಾರಿಯಲ್ಲಿ ಬಂದು ದೋಚಿದ್ದೂ ಈ ಬಸರೂರನ್ನೇ. 1763ರಲ್ಲಿ ಹೈದರಲಿ ಬಿದನೂರನ್ನು ಹಿಡಿದಾಗ ಮುಳುಗಿದ್ದು ಘಟ್ಟದ ಮೇಲಿನ ಸಿಂಹಾಸನವೊಂದೇ ಅಲ್ಲ, ಕೆಳಗಿನ ನಮ್ಮ ರೇವುಗಳ ದೊರೆತನವೂ ಹೌದು. ಮೇಲಿನ ಕೋಟೆಗೂ ಕೆಳಗಿನ ಬಂದರಿಗೂ ಇದ್ದದ್ದು ಮಾಳಿಗೆಗೂ ಪಡಸಾಲೆಗೂ ಇರುವ ನಂಟು. ನಮ್ಮದೇ ಮನೆಯ ಮಾಳಿಗೆ ಹತ್ತಿ, ಯಾರದೋ ಪಾಳು ಎಂದು ಅಲ್ಲಿ ಎಂಜಲೆಲೆ ಎಸೆದು ಬರುತ್ತೇವೆಯೆ?

ಇನ್ನು ಹಾನಿಯ ಮಾತು. ಡೇರೆಗೆ ಗೂಟ ಬೇಕು. ಗೂಟ ನೆಲಗಟ್ಟಿನ ಸಂದಿಗೇ ಇಳಿಯುತ್ತದೆ. ಚಹಾಕ್ಕೆ ಮೂರು ಕಲ್ಲು ಬೇಕು. ಆ ಮೂರು ಕಲ್ಲು ಹತ್ತಿರದ ಗೋಡೆಯಿಂದಲೇ ಬರುತ್ತವೆ. ಒಂದು ಸಂಸಾರಕ್ಕೆ ಮೂರಾದರೆ ಒಂದು ಬೇಸಗೆಗೆ ಎಷ್ಟು, ಓದುಗರೇ ಲೆಕ್ಕ ಹಾಕಲಿ. ಮುನ್ನೂರು ಮಳೆಗಾಲ ತಾಳಿದ ಗೋಡೆ ನಮ್ಮ ಚಹಾಕ್ಕೆ ಸೋಲಬೇಕೆ? ಕಾನೂನು ಇಲ್ಲವೆಂದಲ್ಲ. ರಕ್ಷಿತ ಸ್ಮಾರಕವನ್ನು ಕೆಡಿಸಿದವರಿಗೆ 1958ರ ಕಾಯಿದೆಯಲ್ಲಿ ಶಿಕ್ಷೆಯಿದೆ. 2010ರ ತಿದ್ದುಪಡಿ ಅದನ್ನು ಎರಡು ವರ್ಷದ ಸೆರೆ, ಒಂದು ಲಕ್ಷ ರೂಪಾಯಿ ದಂಡದವರೆಗೆ ಏರಿಸಿತು. ಆದರೆ ಪ್ರತಿ ಕಲ್ಲಿಗೂ ಒಬ್ಬ ಪೋಲೀಸನನ್ನು ನಿಲ್ಲಿಸುವ ಸರಕಾರ ಭೂಮಿಯ ಮೇಲಿಲ್ಲ.

ನನಗೆ ಕಲ್ಲಿಗಿಂತ ಹೆಚ್ಚಿನ ಚಿಂತೆ ಮಕ್ಕಳದು. ಕಾವಲುಗಾರನಿಲ್ಲದ್ದೆಲ್ಲ ನಮ್ಮ ಉಪಯೋಗಕ್ಕೆ ಎಂಬ ಪಾಠವನ್ನು ಅಪ್ಪನೇ ಕೈಹಿಡಿದು ಕಲಿಸಿದ ಮೇಲೆ, ಆ ಮಗು ನಾಳೆ ಊರಿನ ಕೆರೆಯನ್ನೂ ಹಾಡಿಯನ್ನೂ ಯಾವ ಕಣ್ಣಿನಿಂದ ನೋಡೀತು?

ಹಾಗಾದರೆ ಹೋಗುವುದೇ ಬೇಡವೆ? ಖಂಡಿತ ಹೋಗಬೇಕು. ಮೊದಲು ಒಂದು ದಿನ ಬಸರೂರಿಗೆ, ಬಾರಕೂರಿಗೆ ಹೋಗಲಿ. ಆಳುಪರ ರಾಜಧಾನಿಯಾಗಿದ್ದ ಬಾರಕೂರಿನ ಕತ್ತಲೆ ಬಸದಿಯನ್ನು ನೋಡದೆಯೇ ಬ್ರಹ್ಮಾವರದಿಂದ ಘಟ್ಟ ಹತ್ತುವವರು ಎಷ್ಟು ಮಂದಿಯಿಲ್ಲ! ಆಮೇಲೆ ಮೇಲೆ ಹೋಗಲಿ. ಕವಲೇದುರ್ಗದ ಬುಡದಲ್ಲಿ ಗದ್ದೆಗಳಿವೆ, ಒಕ್ಕಲು ಮನೆಗಳಿವೆ. ಕೋಟೆಯ ದಾರಿ ಹೋಗುವುದೇ ಆ ಗದ್ದೆಯ ಅಂಚಿನ ಮೇಲೆ. ಅಲ್ಲಿಯವರನ್ನು ಕೇಳಿ, ಅವರು ಒಪ್ಪಿದ ಕಡೆ ಬಿಡಾರ ಮಾಡಿ, ಉಂಡದ್ದಕ್ಕೂ ತಂಗಿದ್ದಕ್ಕೂ ಹಣ ಕೊಡಲಿ. ಮೇಲಿನ ಊರು ಬರಿದಾದ ಮೇಲೂ ಕೆಳಗಿನ ಊರನ್ನು ಉಳಿಸಿಕೊಂಡವರು ಅವರು. ಪ್ರವಾಸಿಯ ದುಡ್ಡಿಗೆ ಮೊದಲ ಹಕ್ಕುದಾರರೂ ಅವರೇ.

ಬೆಳಗಿನ ತಂಪಿನಲ್ಲಿ ಹತ್ತಲಿ, ಅರಮನೆಯ ಒಲೆಯನ್ನು ಮಕ್ಕಳಿಗೆ ತೋರಿಸಲಿ, ಕಟ್ಟಿಕೊಂಡು ಹೋದ ಬುತ್ತಿಯ ಕಾಗದವನ್ನು ಅದೇ ಚೀಲದಲ್ಲಿ ತುಂಬಿ, ಬೆಳಕಿರುವಾಗಲೇ ಇಳಿಯಲಿ. ಡೇರೆ ಮಾತ್ರ ಕೆಳಗಿರಲಿ.