ನೋಡುವ ತಾಣ, ತಂಗುವ ತಾಣ

ಮಲೆನಾಡಿನ ಪತ್ರಿಕೆಯೊಂದು ಬಳ್ಳಾರಿಯ ಬಂಡೆಗುಡ್ಡಗಳ ಕುರಿತು ಸಂಪಾದಕೀಯ ಬರೆಯುವುದೇಕೆ ಎಂದು ಓದುಗರು ಕೇಳಬಹುದು. ಕಾರಣ ಎರಡಿವೆ. ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಒಂದಾಗುವ ತುಂಗೆ ಮತ್ತು ಭದ್ರೆಯರ ನೀರೇ ಸಿರುಗುಪ್ಪದ ಗದ್ದೆಗಳನ್ನು ನೆನೆಸುತ್ತದೆ. ನಮ್ಮ ಬೆಟ್ಟಕ್ಕೂ ಆ ಬಯಲಿಗೂ ಇರುವ ನಂಟು ಹಳೆಯದು. ಇನ್ನೊಂದು, ನಮ್ಮ ಬೆಟ್ಟಗಳಲ್ಲಿ ಈಗಾಗಲೇ ನಡೆದುಹೋದ ತಪ್ಪು ಅಲ್ಲಿ ಮರುಕಳಿಸುವ ಮುನ್ನ ಎಚ್ಚರಿಸುವ ಹೊಣೆ ನಮ್ಮದು.

ಮಲಗಲು, ಅಡುಗೆ ಮಾಡಲು, ಶೌಚಕ್ಕೆ ಕೂಡ ಅನುಕೂಲವಿರುವ ಕ್ಯಾರವಾನ್ ವಾಹನಗಳಲ್ಲಿ ಪ್ರವಾಸ ಹೊರಡುವ ರೂಢಿ ನಮ್ಮ ನಾಡಿಗೂ ಬಂದಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ಇಂಥ ವಾಹನಗಳಿಗೂ ಅವು ತಂಗುವ ಶಿಬಿರ ತಾಣಗಳಿಗೂ ನೀತಿ ರೂಪಿಸಿ ವರ್ಷಗಳೇ ಸಂದಿವೆ. ರಾಜ್ಯದ 2020-25ರ ಪ್ರವಾಸೋದ್ಯಮ ನೀತಿಯೂ ಇದಕ್ಕೆ ಸ್ಥಾನ ಕೊಟ್ಟಿತ್ತು. ಹಂಪಿಯ ತನಕ ಬರುವ ಪ್ರವಾಸಿಗರ ಕಣ್ಣು ಇನ್ನು ಕುರುಗೋಡಿನ ಗುಡ್ಡಗಳ ಮೇಲೂ ಸಿರುಗುಪ್ಪದ ನದೀತೀರದ ಮೇಲೂ ಬೀಳುವುದು ಸಹಜ. ಬೀಳಲಿ, ತಪ್ಪೇನಿಲ್ಲ. ಗಣಿಯ ಧೂಳಿನಲ್ಲಿ ದಶಕಗಳನ್ನು ಕಳೆದ ಜಿಲ್ಲೆ ಅದು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಲ್ಲಿ ಅದಿರು ಗಣಿಗಾರಿಕೆಯನ್ನು ತಡೆಹಿಡಿದಾಗ, ಪ್ರವಾಸೋದ್ಯಮವೂ ಒಂದು ಪರ್ಯಾಯವೆಂದು ವಾದಿಸಿದವರು ನಮ್ಮಂಥ ಪರಿಸರದವರೇ. ಇಂದು ಬರುವ ಅತಿಥಿಯನ್ನು ಬೇಡವೆನ್ನುವುದು ನ್ಯಾಯವಾಗದು. ಬರುವವರು ಎಲ್ಲಿ ತಂಗಬೇಕು ಎಂಬುದಷ್ಟೇ ಪ್ರಶ್ನೆ.

ಮಲೆನಾಡಿನಲ್ಲಿ ನಾವು ಮಾಡಿದ ತಪ್ಪು ಇದೇ. ನೋಟ ಎಲ್ಲಿ ಸೊಗಸಾಗಿದೆಯೋ ಅಲ್ಲಿಯೇ ಹಾಸಿಗೆ ಬಿಡಿಸಲು ಹೊರಟೆವು. ಶಿಖರದ ಅಂಚಿಗೆ ರಸ್ತೆ, ರಸ್ತೆಯ ಅಂಚಿಗೆ ವಸತಿ, ವಸತಿಯ ಹಿಂದೆ ಕೊಳಚೆಯ ಗುಂಡಿ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸೇರಿದ ಜನಜಾತ್ರೆಯ ಚಿತ್ರಗಳನ್ನು ಕಂಡ ಮೇಲೆ ಸರ್ಕಾರ ಚಾರಣವನ್ನು ತಡೆದು ಮುಂಗಡ ನೋಂದಣಿಯ ನಿಯಮ ತರಬೇಕಾಯಿತು. ಬಳ್ಳಾರಿಗೆ ಇನ್ನೂ ಹತ್ತಿರದ ಪಾಠ ವಿರುಪಾಪುರ ಗಡ್ಡಿಯದು. ಹಂಪಿಯ ಎದುರಿನ ಆ ನದೀ ನಡುಗಡ್ಡೆಯಲ್ಲಿ ಅನಧಿಕೃತವಾಗಿ ಎದ್ದ ವಸತಿಗೃಹಗಳನ್ನು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2020ರಲ್ಲಿ ಕೆಡವಲಾಯಿತು. ತಾಣದ ಆಯ್ಕೆ ಮೊದಲೇ ತಪ್ಪಿದರೆ ಕೊನೆಗೆ ನಷ್ಟ ನೆಲಕ್ಕೂ ಹೌದು, ಅದನ್ನು ನಂಬಿ ಅಂಗಡಿ ಹಾಕಿಕೊಂಡ ಬಡವನಿಗೂ ಹೌದು.

ಹಾಗಾದರೆ ಆಯ್ಕೆಗೆ ಮಾನದಂಡ ಯಾವುದು? ಕಣ್ಣಿಗೆ ಕಾಣುವ ಚೆಲುವಿಗಿಂತ ಮೊದಲು ಕಾಲಡಿಯ ಮಣ್ಣನ್ನು ನೋಡಬೇಕು ಎಂಬುದು ಕೃಷಿ ವಿಜ್ಞಾನ ಕಲಿಸುವ ಪಾಠ. ಈ ಸೀಮೆಯಲ್ಲಿ ಮುಖ್ಯವಾಗಿ ಎರಡು ಬಗೆಯ ನೆಲವಿದೆ. ಕುರುಗೋಡಿನ ಹಾಗೂ ಬಳ್ಳಾರಿಯ ಬಂಡೆಗುಡ್ಡಗಳ ಬುಡದಲ್ಲಿ ಹರಳು ಬೆರೆತ ಮಸಾರಿ. ಸಿರುಗುಪ್ಪದ ಬಯಲಿನಲ್ಲಿ ಆಳವಾದ ಎರೆ. ಮಸಾರಿಯ ಮೇಲೆ ಚೆಲ್ಲಿದ ಕೊಳೆನೀರು ಬೇಗನೆ ಇಂಗಿ, ಬಂಡೆಯ ಬಿರುಕುಗಳ ಮೂಲಕ ಕೆಳಗಿನ ಊರಿನ ಬಾವಿ, ಕೊಳವೆಬಾವಿಗಳನ್ನು ಸೇರಬಲ್ಲದು. ಎರೆಯದು ಇದಕ್ಕೆ ವಿರುದ್ಧ ಗುಣ. ಒಮ್ಮೆ ನೆನೆದು ಉಬ್ಬಿದ ಮೇಲೆ ನೀರನ್ನು ಒಳಕ್ಕೆ ಬಿಡದು, ಕೊಳೆ ಅಲ್ಲೇ ನಿಂತು ನಾರುತ್ತದೆ. ಹಸಿ ಎರೆಯ ಮೇಲೆ ಭಾರದ ಗಾಲಿ ಹಾದರೆ ಮಣ್ಣು ಒತ್ತಿಕೊಂಡು, ಮುಂದಿನ ಬೆಳೆಯ ಬೇರಿಗೆ ಗಾಳಿಯೂ ದಕ್ಕುವುದಿಲ್ಲ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಕಾಣುವ ಸೀಮೆಯಲ್ಲಿ ಕೆಟ್ಟ ನೀರನ್ನು ತೊಳೆದು ಸಾಗಿಸಲು ನಮ್ಮಲ್ಲಿಯಂತೆ ಮುಂಗಾರಿನ ಪ್ರವಾಹವೂ ಇಲ್ಲ. ಮೇಲಾಗಿ ಇಂಥ ವಾಹನಗಳ ಶೌಚತೊಟ್ಟಿಗೆ ಸುರಿಯುವ ಕೆಲವು ರಾಸಾಯನಿಕಗಳು ಮಲವನ್ನು ಕೊಳೆಸುವ ಜೀವಾಣುಗಳನ್ನೇ ಕೊಲ್ಲುತ್ತವೆ. ಆ ತೊಟ್ಟಿಯನ್ನು ಬಯಲಿನಲ್ಲಿ ಬರಿದು ಮಾಡುವುದಕ್ಕೆ ಎಲ್ಲಿಯೂ ಆಸ್ಪದವಿರಬಾರದು.

ಎರಡನೆಯ ಮಾನದಂಡ, ಅಲ್ಲಿ ಮೊದಲೇ ನೆಲೆಸಿರುವವರು. ಕಡತದಲ್ಲಿ ‘ಬೀಳು’ ಎಂದು ನಮೂದಾದ ನೆಲ ಖಾಲಿಯೆಂದು ಭಾವಿಸುವುದು ನಮ್ಮ ಆಡಳಿತದ ಹಳೆಯ ರೋಗ. ಸಿರುಗುಪ್ಪ ತಾಲ್ಲೂಕಿನ ಎರೆಬಯಲು ಕರ್ನಾಟಕದಲ್ಲಿ ಎರೆಭೂತ ಹಕ್ಕಿ ಉಳಿದುಕೊಂಡಿರುವ ಕೊನೆಯ ನೆಲೆ. ದೇಶದಲ್ಲೆಲ್ಲ ಸೇರಿ 150ಕ್ಕಿಂತ ಹೆಚ್ಚು ಉಳಿದಿಲ್ಲವೆಂದು ಅಂದಾಜಿಸಲಾದ ಈ ದೊಡ್ಡ ಹಕ್ಕಿ ಗೂಡು ಕಟ್ಟುವುದಿಲ್ಲ. ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಒಂದು ವಾಹನ, ಒಂದು ರಾತ್ರಿಯ ದೀಪ, ಒಂದು ನಾಯಿ, ಇಷ್ಟು ಸಾಕು ಆ ವರ್ಷದ ಸಂತಾನ ಕೈತಪ್ಪಲು. ಆ ಹೊಲಗಳ ಹೆಸರನ್ನು ನಾವು ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ. ಬಂಡೆಗುಡ್ಡಗಳ ಗವಿಗಳೂ ಖಾಲಿಯಲ್ಲ. ಅವು ಕರಡಿ, ಚಿರತೆಗಳ ಮನೆ. ಈ ಸೀಮೆಯ ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಆದದ್ದೂ ಅದಕ್ಕೇ. ನದೀತೀರದಲ್ಲಿ ನೀರುನಾಯಿಗಳಿವೆ. ಅವುಗಳಿಗಾಗಿ 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ತುಂಗಭದ್ರೆಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ತೀರದಲ್ಲಿ ತಂಗುವುದು ಮನುಷ್ಯರಿಗೂ ಕ್ಷೇಮವಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಕೆಳದಂಡೆಯ ಊರುಗಳು ಕಳೆದ ಆತಂಕದ ದಿನಗಳನ್ನು ಯಾರೂ ಮರೆತಿಲ್ಲ.

ತಂಗುವ ತಾಣವನ್ನು ಆರಿಸುವ ವಿವೇಕಕ್ಕಾಗಿ ಹೊರಗೆಲ್ಲೂ ಹುಡುಕಬೇಕಿಲ್ಲ. ಬಳ್ಳಾರಿ ನಗರದ ಮಗ್ಗುಲಿನ ಸಂಗನಕಲ್ಲು, ಸಿರುಗುಪ್ಪದ ತೆಕ್ಕಲಕೋಟೆ, ಕುಡತಿನಿಯ ಬೂದಿದಿಬ್ಬ, ಇವೆಲ್ಲ ನವಶಿಲಾಯುಗದ ದನಗಾಹಿಗಳ ನೆಲೆಗಳು. ದನದ ಹಟ್ಟಿಯಲ್ಲಿ ಒಟ್ಟಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಈ ಬೂದಿದಿಬ್ಬಗಳು ಉಂಟಾದವೆನ್ನುತ್ತಾರೆ ಪುರಾತತ್ತ್ವಜ್ಞರು. ತಂಗಿದವರು ಬಿಟ್ಟುಹೋದದ್ದು ನಾಲ್ಕು ಸಾವಿರ ವರ್ಷಗಳ ನಂತರವೂ ನೆಲದ ಮೇಲಿದೆ! ಸಗಣಿಯ ಬೂದಿ ಉಳಿದರೆ ಚರಿತ್ರೆ. ಪ್ಲಾಸ್ಟಿಕ್ಕು ಉಳಿದರೆ ಏನೆನ್ನಬೇಕು?

ಆ ದನಗಾಹಿಗಳ ವಿವೇಕವನ್ನು ಇಂದಿಗೂ ಉಳಿಸಿಕೊಂಡವರು ಕುರಿಗಾರರು. ಅವರು ಮಂದೆಯನ್ನು ಕಂಡಕಂಡಲ್ಲಿ ನಿಲ್ಲಿಸುವುದಿಲ್ಲ. ಕೊಯ್ಲು ಮುಗಿದ ಹೊಲವನ್ನು ನೋಡುತ್ತಾರೆ, ಒಡೆಯನನ್ನು ಕೇಳುತ್ತಾರೆ, ಕೆಲವು ರಾತ್ರಿ ಮಂದೆ ತರುಬಿ ಹಿಕ್ಕೆ, ಗಂಜಲವನ್ನು ಹೊಲಕ್ಕೆ ಬಿಟ್ಟು ಮುಂದೆ ಸಾಗುತ್ತಾರೆ. ರೈತ ಅದಕ್ಕೆ ಕಾಳನ್ನೋ ಕಾಸನ್ನೋ ಕೊಡುತ್ತಾನೆ. ಬಂದವರು ಹೋದ ಮೇಲೆ ನೆಲ ಮೊದಲಿಗಿಂತ ಫಲವತ್ತಾಗಿರುತ್ತದೆ. ಕ್ಯಾರವಾನಿನವರಿಂದ ಅಷ್ಟನ್ನು ನಿರೀಕ್ಷಿಸಲಾಗದು. ನೆಲ ಮೊದಲಿದ್ದಂತೆಯೇ ಉಳಿಯಲಿ ಎಂಬಷ್ಟನ್ನಾದರೂ ನಿರೀಕ್ಷಿಸಬೇಡವೇ?

ಆದ್ದರಿಂದ ನಮ್ಮ ಸಲಹೆ ಸರಳ. ನೋಡುವ ತಾಣ ಬೇರೆ, ತಂಗುವ ತಾಣ ಬೇರೆ ಇರಲಿ. ಬಳ್ಳಾರಿಯಲ್ಲಿ ಒಳಚರಂಡಿಯ ಸಂಪರ್ಕವಿರುವ ನಗರದ ಅಂಚಿನಲ್ಲಿ ವಾಹನಗಳಿಗೆ ಜಾಗ ಕೊಡಲಿ. ಕೋಟೆಗುಡ್ಡವನ್ನೂ, ಬಡಿದರೆ ನಾದ ಹೊಮ್ಮಿಸುವ ಸಂಗನಕಲ್ಲಿನ ಬಂಡೆಗಳನ್ನೂ ಹಗಲಿನಲ್ಲಿ ನಡೆದು ನೋಡಿ ಸಂಜೆಗೆ ಮರಳಲಿ. ಕಲ್ಲುಗಣಿಯಿಂದ ಈಗಾಗಲೇ ನೊಂದಿರುವ ಆ ಗುಡ್ಡಗಳಿಗೆ ಗಾಲಿಗಳ ಭಾರವೂ ಬೇಡ. ಕುರುಗೋಡಿನಲ್ಲಿ ಗುಡ್ಡದ ಬುಡವನ್ನು ಸಮತಟ್ಟು ಮಾಡುವ ಬದಲು, ದೊಡ್ಡಬಸವೇಶ್ವರನ ಜಾತ್ರೆಗೆ ಬರುವ ಜನ ಮೊದಲಿನಿಂದಲೂ ಬೀಡುಬಿಡುವ ಊರಬದಿಯ ಬಯಲಿಗೇ ನೀರು, ಶೌಚಾಲಯ, ನೆರಳಿನ ಬೇವು, ಹುಣಸೆಗಳನ್ನು ಒದಗಿಸಲಿ. ಅದರಿಂದ ಜಾತ್ರೆಯ ಜನಕ್ಕೂ ಅನುಕೂಲ. ಸಿರುಗುಪ್ಪದಲ್ಲಿ ನದೀತೀರವನ್ನೂ ಎರೆಬಯಲನ್ನೂ ಬಿಟ್ಟು ಪಟ್ಟಣದ ಮಗ್ಗುಲಿನ ಗಟ್ಟಿನೆಲವನ್ನು ಆರಿಸಲಿ. ಎಲ್ಲಿಯೇ ಆಗಲಿ ಗ್ರಾಮಸಭೆಯನ್ನೋ ಪಟ್ಟಣದ ಜನರನ್ನೋ ಕೇಳದೆ ತಾಣ ನಿಗದಿಯಾಗಕೂಡದು. ಬರುವ ಬಾಡಿಗೆಯಲ್ಲಿ ಒಂದು ಪಾಲು ಆ ಊರಿನ ಕೆರೆ, ಬಾವಿಗಳಿಗೆ ಸಲ್ಲಬೇಕು.

ಇದರಿಂದ ಪ್ರವಾಸಿಗನಿಗೆ ಆಗುವ ನಷ್ಟವೇನು? ಕಿಟಕಿ ತೆರೆದೊಡನೆ ಗುಡ್ಡ ಕಾಣದೆ ಹೋಗಬಹುದು, ಅದನ್ನು ಕಾಣಲು ಬೆಳಗಿನ ಜಾವ ಎದ್ದು ಒಂದಿಷ್ಟು ನಡೆಯಬೇಕಾಗಬಹುದು. ಅಷ್ಟು ನಡೆದು ಹೋದವನಿಗೆ ಕಾಣಲು ಅಲ್ಲಿ ಗುಡ್ಡ ಉಳಿದಿರುತ್ತದೆ. ನಮ್ಮ ಬೆಟ್ಟಗಳಲ್ಲಿ ಈ ಮಾತನ್ನು ತಡವಾಗಿ ಅರಿತೆವು. ಬಳ್ಳಾರಿಯ ಬಂಧುಗಳಿಗೆ ಇನ್ನೂ ಸಮಯವಿದೆ.