ಗಾಜಿನ ಪೆಟ್ಟಿಗೆಯ ಹುಲಿ

ಹಳೆಯ ವಸ್ತುಗಳನ್ನು ಪ್ರೀತಿಸುವವರಲ್ಲಿ ಎರಡು ಪಂಗಡ. ವಸ್ತು ತನ್ನ ಕೆಲಸ ಮಾಡಿಕೊಂಡು ಬಾಳಲಿ ಎನ್ನುವವರದು ಒಂದು. ಇದ್ದದ್ದು ಇದ್ದ ಹಾಗೆಯೇ ಬಿದ್ದಿರಲಿ ಎನ್ನುವವರದು ಇನ್ನೊಂದು. ನಾನು ವಾಸವಾಗಿರುವ ಇಂಗ್ಲೆಂಡಿನ ಮಧ್ಯಭಾಗದಲ್ಲಿ, ಮೋಟಾರು ತಯಾರಿಕೆಯೇ ಕುಲಕಸುಬಿನಂತಿದ್ದ ಈ ಸೀಮೆಯಲ್ಲಿ, ಎರಡನೆಯ ಪಂಗಡದವರ ಮಾತೇ ಈಗ ವೇದವಾಕ್ಯ. ಹಳೆಯ ಸ್ಪೋರ್ಟ್ಸ್ ಕಾರಿನ ಹಿಂಬದಿಗೆ ಒಂದು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಎಂದರೆ ಚಕ್ರದ ಜಾರಿಕೆಗೆ ಮಿತಿ ಹಾಕುವ ಸಾಧನ, ಜೋಡಿಸಿದಿರೋ, ಮಡಿ ಬಟ್ಟೆಯನ್ನು ಮುಟ್ಟಿ ಮೈಲಿಗೆ ಮಾಡಿದ ಪಾಪ ನಿಮಗೆ ತಟ್ಟಿತೆಂದೇ ತಿಳಿಯಿರಿ. ಈ ಮಡಿವಂತಿಕೆಯ ಮೇಲೆ ನನ್ನದೊಂದು ತಕರಾರಿದೆ.

ಸನ್‌ಬೀಮ್ ಟೈಗರ್ ಕಾರನ್ನೇ ತೆಗೆದುಕೊಳ್ಳೋಣ. ರೂಟ್ಸ್ ಸಂಸ್ಥೆಯ ಸನ್‌ಬೀಮ್ ಆಲ್ಪೈನ್ ನೋಡಲು ಚೆಲುವಾದ, ಸ್ವಭಾವದಲ್ಲಿ ಸಾಧುವಾದ ಗಾಡಿ. ಅದರ ಶಕ್ತಿ ಸುಮಾರು 80 ಅಶ್ವಶಕ್ತಿ. 1963ರಲ್ಲಿ ಅಮೆರಿಕದ ಕ್ಯಾರೊಲ್ ಶೆಲ್ಬಿಯವರು ಆ ಪುಟ್ಟ ಮೂತಿಯೊಳಗೆ ಫೋರ್ಡ್ ಕಂಪನಿಯ ಎಂಟು ಸಿಲಿಂಡರಿನ, 4.3 ಲೀಟರಿನ ಎಂಜಿನ್ ಕೂರಿಸಿ ತೋರಿಸಿದರು. 1964ರಲ್ಲಿ ಅದು ಟೈಗರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಾಗ ಶಕ್ತಿ 164ಕ್ಕೆ ಏರಿತ್ತು. ವೆಸ್ಟ್ ಬ್ರಾಮ್‌ವಿಚ್‌ನ ಜೆನ್ಸನ್ ಕಾರ್ಖಾನೆಯಲ್ಲಿ ಸುಮಾರು 7,000 ಟೈಗರ್‌ಗಳು ತಯಾರಾಗಿ, 1967ರಲ್ಲಿ ಕೆಲಸ ನಿಂತಿತು. ಶಕ್ತಿಯೇನೋ ಇಮ್ಮಡಿಯಾಯಿತು, ಅದನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಮಾತ್ರ ಮಾಮೂಲಿ ಬಗೆಯದಾಗಿಯೇ ಉಳಿಯಿತು.

ಈ ಮಾಮೂಲಿ ಡಿಫರೆನ್ಷಿಯಲ್ ಬಹಳ ಸಮದರ್ಶಿ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕು, ಒಳಗಿನದು ಕಡಿಮೆ. ಎರಡಕ್ಕೂ ಬೇರೆ ಬೇರೆ ವೇಗಕ್ಕೆ ಅವಕಾಶ ಕೊಟ್ಟು, ತಿರುಗಿಸುವ ಬಲವನ್ನು ಅದು ಸಮನಾಗಿ ಹಂಚುತ್ತದೆ. ದೋಷವಿರುವುದೂ ಈ ಸಮಪಾಲಿನಲ್ಲೇ. ಒಂದು ಚಕ್ರ ಒದ್ದೆ ಎಲೆಗಳ ಮೇಲೆ ನಿಂತು ಬಲವನ್ನು ತಾಳಲಾರದೆ ಹೋದರೆ, ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲ. ಜಾರುವ ಚಕ್ರ ಗಿರ್ರನೆ ಸುತ್ತುತ್ತದೆ, ಹಿಡಿತವುಳ್ಳದ್ದು ಸುಮ್ಮನಿರುತ್ತದೆ. ‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು’ ಎಂಬ ನಮ್ಮ ಗಾದೆಯಲ್ಲಾದರೂ ಎರಡೂ ಎಳೆಯುತ್ತವೆ. ಇಲ್ಲಿ ಎಳೆಯುವುದಕ್ಕೇ ಯಾರೂ ಇಲ್ಲ!

ಟೈಗರಿನಲ್ಲಿ ಇನ್ನೂ ಒಂದು ತೊಡಕು. ಅದರ ಹಿಂಬದಿಯ ಆಕ್ಸಲ್ ಎಡದಿಂದ ಬಲದವರೆಗೆ ಒಂದೇ ಗಟ್ಟಿ ತೊಲೆ. ಎಂಜಿನ್ ಕಡೆಯಿಂದ ಬರುವ ಉದ್ದನೆಯ ಷಾಫ್ಟು ತಿರುಚುವ ರಭಸಕ್ಕೆ ಆ ತೊಲೆಯೂ ತಿರುಚಿಕೊಳ್ಳಲು ನೋಡುತ್ತದೆ. ಬಲಗಡೆಯ ಚಕ್ರ ನೆಲದ ಮೇಲೆ ಹಗುರವಾಗುತ್ತದೆ. ಆಕ್ಸಲರೇಟರನ್ನು ಒತ್ತಿದಷ್ಟೂ ಹಗುರ. ಮಳೆಯ ದಿನ ಅಡ್ಡರಸ್ತೆಯಿಂದ ಹೆದ್ದಾರಿಗೆ ನುಗ್ಗುವಾಗ, ಲಾರಿಯೊಂದು ಎದುರಿಗೆ ಬರುತ್ತಿರುವಾಗ, ಮುಂದಕ್ಕೆ ಹೋಗಬೇಕಾದ ಗಾಡಿ ನಿಂತಲ್ಲೇ ಚಕ್ರ ಸುತ್ತಿಸುತ್ತಿದ್ದರೆ ಅದನ್ನು ಚರಿತ್ರೆಯ ಗೌರವವೆಂದು ಕರೆಯೋಣವೆ?

ಇದರ ಮದ್ದು ನಿನ್ನೆ ಮೊನ್ನೆಯದಲ್ಲ. 1930ರ ದಶಕದಲ್ಲಿ ಫರ್ಡಿನಾಂಡ್ ಪೋರ್ಷೆ ರೂಪಿಸಿದ ಆಟೋ ಯೂನಿಯನ್ ರೇಸ್ ಕಾರುಗಳಿಗೂ ಇದೇ ರೋಗ, ಜರ್ಮನಿಯ ಝಡ್.ಎಫ್. ಕಂಪನಿ ಅವಕ್ಕೆ ಇಂಥ ಸಾಧನವನ್ನು ಮಾಡಿಕೊಟ್ಟಿತು. 1961ರಲ್ಲಿ ಬಂದ 3.8 ಲೀಟರಿನ ಜಾಗ್ವಾರ್ ಇ-ಟೈಪ್ ಕಾರ್ಖಾನೆಯಿಂದ ಹೊರಡುವಾಗಲೇ ‘ಪವರ್-ಲಾಕ್’ ಎಂಬ ಸಾಧನವನ್ನು ಹೊಟ್ಟೆಯಲ್ಲಿಟ್ಟುಕೊಂಡಿತ್ತು. ಅದರೊಳಗೆ ಪುಟ್ಟ ಕ್ಲಚ್ ತಟ್ಟೆಗಳು. ಒಂದು ಚಕ್ರ ಓಡಿಹೋಗಲು ಹೊರಟರೆ ಅವು ಒತ್ತಿ ಹಿಡಿದು ಬಲವನ್ನು ಇನ್ನೊಂದಕ್ಕೆ ದಾಟಿಸುತ್ತವೆ. ಟೈಗರಿಗಿಂತ ಹಿರಿಯದಾದ ವಿದ್ಯೆಯನ್ನು ಟೈಗರಿಗೆ ಕೊಟ್ಟರೆ ಕಾಲಕ್ಕೆ ಏನು ಅಪಚಾರವಾಯಿತು?

ಮಡಿವಂತರ ಮಡಿ ಎಂಥದೆಂಬುದಕ್ಕೆ ಒಂದು ನಿದರ್ಶನ ಹೇಳುತ್ತೇನೆ. ನನ್ನ ಮಿತ್ರರೊಬ್ಬರು ತಮ್ಮ ಟೈಗರನ್ನು ಒಂದು ಪ್ರದರ್ಶನಕ್ಕೆ ಒಯ್ದಿದ್ದರು. ಡಿಫರೆನ್ಷಿಯಲ್ ಬದಲಾಯಿಸಿದ್ದನ್ನು ಅವರೇ ಅರ್ಜಿಯಲ್ಲಿ ಬರೆದರು, ಅಂಕ ಕಳೆದುಕೊಂಡರು. ಬರೆಯದಿದ್ದರೆ ಆ ಕಬ್ಬಿಣದ ಹೊಟ್ಟೆಯೊಳಗೆ ಇಣುಕಿ ನೋಡುವವರಾದರೂ ಯಾರಿದ್ದರು? ಬಹುಮಾನ ಪಡೆದ ಪಕ್ಕದ ಗಾಡಿಯ ಬಣ್ಣ 1964ರಲ್ಲಿ ಹುಟ್ಟೇ ಇರಲಿಲ್ಲ. ಅದರ ಟೈರು ಹೊಸ ರೇಡಿಯಲ್. ಎಣ್ಣೆ ಈ ಕಾಲದ್ದು. ಸೀಟಿನ ಹೊದಿಕೆ ಹೋದ ವರ್ಷ ಹೊಲಿದದ್ದು. ಕಣ್ಣಿಗೆ ಚೆಂದ ಕಾಣುವ ಹೊಸತಿಗೆ ಮಾಫಿ, ಕೆಲಸಕ್ಕೆ ಬರುವ ಹೊಸತಿಗೆ ದಂಡ! ಇಂಥ ನ್ಯಾಯ ನಡೆದರೆ ಜನ ಕಲಿಯುವುದು ಹಳೆಯದನ್ನು ಕಾಪಾಡುವ ವಿದ್ಯೆಯನ್ನಲ್ಲ, ಬಾಯಿ ಮುಚ್ಚಿಕೊಂಡಿರುವ ವಿದ್ಯೆಯನ್ನು.

ಪ್ರತಿವಾದಿಗಳ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಮಾಮೂಲಿ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಸುತ್ತಿದರೂ ಇನ್ನೊಂದು ನೆಲವನ್ನು ಹಿಡಿದಿರುತ್ತದೆ. ಹೊಸದರಲ್ಲಿ ಎರಡೂ ಒಮ್ಮೆಗೇ ಜಾರಿದರೆ ಗಾಡಿಯ ಹಿಂಬದಿ ಪಕ್ಕಕ್ಕೆ ಸರಿಯುತ್ತದೆ. ಇದು ನಿಜ. ಆದ್ದರಿಂದಲೇ ರೇಸಿನವರಂತೆ ಬಿಗಿಯಾಗಿ ಕಟ್ಟಬಾರದು, ರಸ್ತೆಗೆ ತಕ್ಕಂತೆ ಮೃದುವಾಗಿ ಕಟ್ಟಬೇಕು. ತಟ್ಟೆಗಳಿಲ್ಲದೆ ಬರಿಯ ಹಲ್ಲುಚಕ್ರಗಳಿಂದ ಕೆಲಸ ಮಾಡುವ ಇನ್ನೊಂದು ಬಗೆಯೂ ಇದೆ. ಅದು ನಯವಾದದ್ದು, ಬೇಗ ಸವೆಯದು. ಆದರೆ ಒಂದು ಚಕ್ರ ಪೂರಾ ನೆಲ ಬಿಟ್ಟರೆ ಅದೂ ಕೈಚೆಲ್ಲುತ್ತದೆ. ಒಂದೇ ಚಕ್ರದ ಪಾಲಿಗೆ ಹೆಚ್ಚು ಬಲ ಹೋಗುವುದರಿಂದ ಹಳೆಯ ಆಕ್ಸಲ್ ಷಾಫ್ಟುಗಳನ್ನು ಬಿರುಕಿದೆಯೇ ಎಂದು ಮೊದಲೇ ಪರೀಕ್ಷಿಸಬೇಕು. ಬ್ರೇಕು, ಟೈರು, ಸ್ಪ್ರಿಂಗುಗಳನ್ನು ಸರಿಪಡಿಸದೆ ಡಿಫರೆನ್ಷಿಯಲ್‌ಗೆ ಹಣ ಸುರಿಯುವವನಿಗೆ ನನ್ನ ಬೆಂಬಲವಿಲ್ಲ.

‘ಅಸಲಿತನ ಹೋಯಿತಲ್ಲ?’ ಎಂಬ ಪ್ರಶ್ನೆ ಉಳಿಯಿತು. ಎಲ್ಲಿಗೆ ಹೋಯಿತು? ಬದಲಾಗುವುದು ಒಳಗಿನ ಗೂಡು ಮಾತ್ರ. ಕ್ರೌನ್ ವ್ಹೀಲನ್ನು ಹಳೆಯ ಗೂಡಿನಿಂದ ಬಿಚ್ಚಿ ಹೊಸದಕ್ಕೆ ಬಿಗಿದು, ಹಲ್ಲುಗಳ ನಡುವಣ ಸಂದನ್ನು ತೆಳ್ಳನೆಯ ಬಿಲ್ಲೆಗಳಿಂದ ಸರಿಹೊಂದಿಸುತ್ತಾರೆ. ಕೊರೆಯುವುದಿಲ್ಲ, ಬೆಸೆಯುವುದಿಲ್ಲ. ಹಳೆಯ ಗೂಡಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟರೆ, ಮೊಮ್ಮಗನಿಗೆ ಬೇಕೆನಿಸಿದ ದಿನ ಮತ್ತೆ ಜೋಡಿಸಿಕೊಳ್ಳಬಹುದು. ನಮ್ಮ ಊರುಗಳ ತೇರಿನ ಗಾಲಿ ಶಿಥಿಲವಾದಾಗ ಹೊಸ ಗಾಲಿ ಮಾಡಿಸುತ್ತಾರೆ. ಮಿಣಿ ಸವೆದಾಗ ಹೊಸ ಮಿಣಿ ತರುತ್ತಾರೆ. ಅದರಿಂದ ತೇರು ನಕಲಿಯಾಯಿತೆಂದು ಯಾರೂ ಹೇಳಿಲ್ಲ. ಎಳೆಯದೆ ನಿಲ್ಲಿಸಿದ ತೇರನ್ನು ಕಂಡೇ ಊರಿನವರು ಮರುಗುತ್ತಾರೆ.

ಪ್ರದರ್ಶನ ನಡೆಸುವ ಮಹಾಶಯರಲ್ಲಿ ನಾನು ಕೇಳುವುದು ಇಷ್ಟೆ. ಅರ್ಜಿಯಲ್ಲಿ ಒಂದು ಅಂಕಣ ಹೆಚ್ಚಿಗೆ ಇರಲಿ: ಏನು ಬದಲಾಯಿಸಿದಿರಿ, ಏಕೆ, ಹಳೆಯ ಭಾಗ ಎಲ್ಲಿದೆ? ಇದಕ್ಕೆ ಸತ್ಯವಾಗಿ ಉತ್ತರಿಸಿದವರ ಅಂಕ ಕಳೆಯಬೇಡಿ. ಸಾಧ್ಯವಾದರೆ, ಗಾಡಿಯನ್ನು ಲಾರಿಯ ಮೇಲೆ ಹೇರಿಕೊಂಡು ಬಂದವರಿಗಿಂತ ಮಳೆಯಲ್ಲಿ ಓಡಿಸಿಕೊಂಡು ಬಂದವರಿಗೆ ಒಂದೆರಡು ಅಂಕ ಹೆಚ್ಚಿಗೆ ಕೊಡಿ.