ಪಕ್ಷವಿಲ್ಲದ ಸಭೆಯೂ ಮಾತಿಲ್ಲದ ಊರೂ

ಕಂಗ್ಟಿಯ ಕಡೆ ಪಂಚಾಯತಿ ಚುನಾವಣೆ ಹತ್ತಿರವಾಯಿತೆಂದರೆ ಹಿರಿಯರ ಬಾಯಿಂದ ಒಂದು ಮಾತು ತಪ್ಪದೆ ಹೊರಡುತ್ತದೆ: "ಊರೊಳಗ ಪಾರ್ಟಿ ಬ್ಯಾಡ, ಎಲ್ಲರೂ ಕೂಡಿ ಒಬ್ಬಾತನ್ನ ಏಕಗ್ರೀವ ಆರಿಸಿಬಿಡೋಣ." ಕೇಳುವುದಕ್ಕೆ ಹಿತವಾದ ಮಾತು. ಮಕ್ಕಳಿಗೆ ಒಗ್ಗಟ್ಟಿನ ಪಾಠ ಹೇಳುವ ನಾವು ಉಪಾಧ್ಯಾಯರೂ ತಲೆದೂಗುತ್ತೇವೆ. ಆದರೆ ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದಾರೆ. ಪಕ್ಷ ಬೇಡವೆನ್ನುವುದು ಒಂದು. ಚರ್ಚೆಯೇ ಬೇಡವೆನ್ನುವುದು ಇನ್ನೊಂದು. ಮೊದಲನೆಯದಕ್ಕೆ ನಾನು ವಿರೋಧಿಯಲ್ಲ. ಅದರ ಹೆಸರು ಹೇಳಿಕೊಂಡು ಎರಡನೆಯದನ್ನು ಊರಿನ ಮೇಲೆ ಹೇರುವುದನ್ನು ಕಂಡು ಸುಮ್ಮನಿರಲಾರೆ.

ಕಾನೂನು ಏನು ಹೇಳುತ್ತದೆಂಬುದನ್ನು ಮೊದಲು ನೋಡೋಣ. ತೆಲಂಗಾಣದಲ್ಲಿ ಗ್ರಾಮ ಪಂಚಾಯತಿಯ ಚುನಾವಣೆ ಪಕ್ಷರಹಿತವಾದದ್ದು. ಸರ್ಪಂಚನ ಸ್ಥಾನಕ್ಕೆ ನಿಂತವನಿಗೆ ಯಾವ ಪಕ್ಷದ ಚಿಹ್ನೆಯೂ ಇಲ್ಲ. ಅದೇ ಮಂಡಲ ಪರಿಷತ್ತಿಗೂ ಜಿಲ್ಲಾ ಪರಿಷತ್ತಿಗೂ ಪಕ್ಷದ ಚಿಹ್ನೆಯ ಮೇಲೆಯೇ ನಿಲ್ಲಬಹುದು. ಪಕ್ಕದ ಕರ್ನಾಟಕದಲ್ಲಿಯೂ 1993ರ ಅಧಿನಿಯಮ ಗ್ರಾಮ ಪಂಚಾಯತಿಯನ್ನು ಪಕ್ಷದಿಂದ ಹೊರಗಿಟ್ಟಿದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ನಾರಾಯಣಖೇಡ ತಾಲ್ಲೂಕು ಬೀದರ ಜಿಲ್ಲೆಯಿಂದ ಕಳಚಿ ಈ ಕಡೆಗೆ ಬಂದಿತು. ಗಡಿಯ ಎರಡು ಪಕ್ಕದಲ್ಲಿರುವ ನಂಟರಿಗೆ ಈ ಒಂದು ನಿಯಮವಾದರೂ ಸಮಾನವಾಗಿ ಉಳಿದಿದೆ!

ಚಿಹ್ನೆ ಇಲ್ಲವೆಂದ ಮಾತ್ರಕ್ಕೆ ಪಕ್ಷವಿಲ್ಲವೆಂದು ನಂಬುವಷ್ಟು ಮುಗ್ಧರು ನಮ್ಮಲ್ಲಿ ಯಾರೂ ಇಲ್ಲ. ಗೆದ್ದವನ ಕೊರಳಿಗೆ ಸಂಜೆಯೊಳಗೆ ಯಾವ ಬಣ್ಣದ ಶಲ್ಯ ಬೀಳುತ್ತದೆಂಬುದು ಊರಿಗೆಲ್ಲ ಗೊತ್ತು. ಅಶೋಕ ಮೆಹತಾ ಸಮಿತಿ 1978ರಲ್ಲಿ ಈ ಮುಚ್ಚುಮರೆ ಬೇಡ, ಪಕ್ಷಗಳು ಬಹಿರಂಗವಾಗಿಯೇ ಸ್ಪರ್ಧಿಸಲಿ ಎಂದು ಹೇಳಿತ್ತು. ಜಯಪ್ರಕಾಶ ನಾರಾಯಣರು ಅದಕ್ಕೂ ಮುಂಚೆ 1959ರಲ್ಲಿ ಪಕ್ಷಗಳಿಲ್ಲದ ಪ್ರಜಾಪ್ರಭುತ್ವವನ್ನು ಗ್ರಾಮದಿಂದಲೇ ಕಟ್ಟಬೇಕೆಂದು ವಾದಿಸಿದ್ದರು. ನನ್ನ ಒಲವು ಜಯಪ್ರಕಾಶರ ಕಡೆಗೆ. ಆದರೆ ಪಕ್ಷವನ್ನು ತೆಗೆದ ಜಾಗದಲ್ಲಿ ಏನನ್ನು ಇಡಬೇಕು? ಅದನ್ನು ಕೇಳದೆ ಸುಮ್ಮನೆ ತೆಗೆದರೆ ಆ ಜಾಗಕ್ಕೆ ಹಣ ಬಂದು ಕೂರುತ್ತದೆ, ಇಲ್ಲವೇ ಜಾತಿ ಬಂದು ಕೂರುತ್ತದೆ.

ಪಕ್ಷವಿಲ್ಲದೆ ನಿಜವಾಗಿ ನಡೆಯುವ ಶಾಸನಸಭೆಯೊಂದು ಕೆನಡಾದ ಉತ್ತರ ತುದಿಯಲ್ಲಿದೆ. ವಾಯುವ್ಯ ಪ್ರಾಂತ್ಯವೆಂದು ಅದರ ಹೆಸರು, ಯೆಲ್ಲೋನೈಫ್ ಅದರ ರಾಜಧಾನಿ. 2021ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ 41,070. ಸಭೆಯ ಸದಸ್ಯರು 19 ಮಂದಿ, ಎಲ್ಲರೂ ಸ್ವತಂತ್ರರಾಗಿ ಗೆದ್ದು ಬಂದವರು. ಮುಖ್ಯಮಂತ್ರಿಯಾಗಬೇಕೆನ್ನುವವನು ಸಭೆಯ ಮುಂದೆ ನಿಂತು ತನ್ನ ವಿಚಾರ ಹೇಳಬೇಕು, ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಆಮೇಲೆ ಸದಸ್ಯರು ಗುಪ್ತ ಮತ ಹಾಕಿ ಆರಿಸುತ್ತಾರೆ. ಮಂತ್ರಿಗಳನ್ನೂ ಹೀಗೆಯೇ ಸಭೆಯೇ ಆರಿಸುತ್ತದೆ. ಇನ್ನು ಲೆಕ್ಕವನ್ನು ಗಮನಿಸಿರಿ: ಮುಖ್ಯಮಂತ್ರಿಯೂ ಸೇರಿ ಮಂತ್ರಿಮಂಡಲ 7, ಸಭಾಧ್ಯಕ್ಷ 1, ಉಳಿದವರು 11. ಏಳು ಜನ ಹನ್ನೊಂದು ಜನರನ್ನು ಒಪ್ಪಿಸದ ಹೊರತು ಒಂದು ಮುಂಗಡಪತ್ರವೂ ಮುಂದೆ ಸಾಗದು. ಆಳುವವರು ಸದಾ ಅಲ್ಪಸಂಖ್ಯಾತರು! ಇದೇ ಆ ವ್ಯವಸ್ಥೆಯ ಜೀವಾಳ.

ಇದರ ನೆರೆಯ ನೂನಾವುಟ್ ಪ್ರಾಂತ್ಯ 1999ರಲ್ಲಿ ಪ್ರತ್ಯೇಕವಾಯಿತು. ಅಲ್ಲಿಯೂ ಇದೇ ಪದ್ಧತಿ. 2017ರ ನವೆಂಬರಿನಲ್ಲಿ ಮುಖ್ಯಮಂತ್ರಿಯಾದ ಪಾಲ್ ಕ್ವಾಸಾ ಅವರನ್ನು ಸದಸ್ಯರು 2018ರ ಜೂನಿನಲ್ಲಿ ಅವಿಶ್ವಾಸದ ಮತದಿಂದ ಇಳಿಸಿ, ತಮ್ಮಲ್ಲೇ ಇನ್ನೊಬ್ಬರನ್ನು ಏರಿಸಿದರು. ಸಹಮತದ ಸರ್ಕಾರವೆಂದರೆ ಎಲ್ಲರೂ ಹೂಂಗುಟ್ಟುವುದೆಂದು ತಿಳಿದವರು ಈ ಘಟನೆಯನ್ನು ನೆನೆಯಬೇಕು. ಆ ವ್ಯವಸ್ಥೆಯಲ್ಲಿ ದೋಷಗಳೂ ಉಂಟು. ಮುಖ್ಯಮಂತ್ರಿಯ ಆಯ್ಕೆಯಲ್ಲಿ ಸಾಮಾನ್ಯ ಮತದಾರನಿಗೆ ನೇರವಾದ ಪಾಲಿಲ್ಲ. ನಾಡಿಗೆಲ್ಲ ಒಂದು ಕಾರ್ಯಕ್ರಮವನ್ನು ಮುಂದಿಟ್ಟು ಮತ ಕೇಳುವವರೂ ಇಲ್ಲ. ಆದರೂ ಅಲ್ಲಿ ಮೊದಲು ಮಾತು, ಅನಂತರ ಒಪ್ಪಿಗೆ.

ನಮ್ಮ ಏಕಗ್ರೀವದಲ್ಲಿ ಮೊದಲು ಒಪ್ಪಿಗೆ, ಅನಂತರ ಐದು ವರ್ಷ ಮೌನ. ಯಾರೋ ನಾಲ್ವರು ರಾತ್ರಿ ಕುಳಿತು ತೀರ್ಮಾನಿಸುತ್ತಾರೆ. ಬೆಳಗ್ಗೆ ಊರಿಗೆ ಸುದ್ದಿ ತಿಳಿಯುತ್ತದೆ. ಗುಡಿ ಕಟ್ಟಿಸುತ್ತೇನೆಂದು ಹೆಚ್ಚು ಹಣ ಕೂಗಿದವನಿಗೆ ಸ್ಥಾನವನ್ನು ಬಿಟ್ಟುಕೊಟ್ಟ ಹರಾಜಿನ ವಾರ್ತೆಗಳನ್ನು ಪತ್ರಿಕೆಗಳಲ್ಲಿ ಓದಿಯೇ ಇದ್ದೇವೆ. ಇನ್ನು ಸರ್ಪಂಚನನ್ನು ಜನರೇ ನೇರವಾಗಿ ಆರಿಸುವುದರಿಂದ ವಾರ್ಡು ಸದಸ್ಯರು ಅವನನ್ನು ಇಳಿಸಲಾರರು. ಅವರ ಅವಿಶ್ವಾಸದ ಗೊತ್ತುವಳಿ ಉಪಸರ್ಪಂಚನವರೆಗೆ ಮಾತ್ರ ತಲಪುತ್ತದೆ. ಯೆಲ್ಲೋನೈಫಿನ ಹನ್ನೊಂದು ಮಂದಿಗೆ ಇರುವ ಬಲ ನಮ್ಮ ವಾರ್ಡು ಸದಸ್ಯರಿಗೆ ಇಲ್ಲ. ಹೀಗಿರುವಾಗ ಚುನಾವಣೆಯ ಹದಿನೈದು ದಿನಗಳ ವಾದವಿವಾದವೊಂದೇ ಬಡವನಿಗೆ ಉಳಿದ ಅವಕಾಶ. ಅದನ್ನೂ "ಊರಿನ ಒಗ್ಗಟ್ಟು" ಎಂದು ಹೇಳಿ ಕಸಿದುಕೊಂಡರೆ ಅವನು ಎಲ್ಲಿ ಬಾಯಿ ತೆರೆಯಬೇಕು?

"ಜಗಳ ತಪ್ಪಿತಲ್ಲ ಮಾಸ್ತರೇ" ಎಂದು ಒಬ್ಬ ಹಿರಿಯರು ನನ್ನನ್ನು ಸಮಾಧಾನಪಡಿಸಿದರು. ಜಗಳ ತಪ್ಪಿದ್ದು ದಿಟ. ಅದರೊಡನೆ ಕನ್ನಡ ಶಾಲೆಯ ಪ್ರಶ್ನೆಯೂ ತಪ್ಪಿಹೋಯಿತು. ಮೂರು ಜನ ನಿಂತಿದ್ದರೆ ಒಬ್ಬನಾದರೂ ನಮ್ಮ ಓಣಿಗೆ ಬಂದು, "ನಿಮ್ಮ ಮಕ್ಕಳ ಶಾಲೆಗೆ ಏನು ಬೇಕು?" ಎಂದು ಕೇಳುತ್ತಿದ್ದನು. ಅಲ್ಪಸಂಖ್ಯಾತ ಭಾಷಿಕರ ಮತಕ್ಕೆ ಬೆಲೆ ಬರುವುದು ಸ್ಪರ್ಧೆ ಇದ್ದಾಗಲೇ. ಶಿಕ್ಷಕರ ನೇಮಕ ಪಂಚಾಯತಿಯ ಕೈಯಲ್ಲಿಲ್ಲವೆಂಬುದನ್ನು ಬಲ್ಲೆ. ಆದರೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿಯನ್ನು ಹಿಡಿದು, ಗ್ರಾಮಸಭೆ ಒಂದು ಠರಾವು ಮಾಡಿ ಮೇಲಕ್ಕೆ ಕಳಿಸುವುದಕ್ಕೆ ಯಾರ ಅಡ್ಡಿಯಿದೆ? ವಾಯುವ್ಯ ಪ್ರಾಂತ್ಯದಲ್ಲಿ ಅಧಿಕೃತ ಭಾಷೆಗಳು 11. ಸದಸ್ಯನು ಅವುಗಳಲ್ಲಿ ಯಾವುದರಲ್ಲಿ ಬೇಕಾದರೂ ಸಭೆಯಲ್ಲಿ ಮಾತನಾಡಬಹುದು. ನಮ್ಮ ಗ್ರಾಮಸಭೆಯಲ್ಲಿ ಕನ್ನಡದ ಮುದುಕಿಯೊಬ್ಬಳು ಎದ್ದು ನಿಂತರೆ ಅವಳ ಮಾತು ನಡವಳಿಯ ಪುಸ್ತಕದಲ್ಲಿ ಸೇರುತ್ತದೆಯೇ?

2024ರ ಫೆಬ್ರವರಿಯಿಂದ 2025ರ ಡಿಸೆಂಬರಿನವರೆಗೆ ಚುನಾಯಿತ ಸರ್ಪಂಚರೇ ಇಲ್ಲದೆ ವಿಶೇಷಾಧಿಕಾರಿಗಳಿಂದ ಪಂಚಾಯತಿಗಳು ನಡೆದವು. ಪಕ್ಷವಿಲ್ಲದ ಆಡಳಿತವೇ ಸಾಕೆನ್ನುವವರಿಗೆ ಅದಕ್ಕಿಂತ ಒಳ್ಳೆಯ ಕಾಲ ಯಾವುದಿತ್ತು? ಅಂದೂ ಚರಂಡಿಯ ದೂರನ್ನು ಯಾರಿಗೆ ಹೇಳಬೇಕೆಂದು ಜನ ಹುಡುಕುತ್ತಿದ್ದರು.

ಉಪಾಧ್ಯಾಯ ಬಂಧುಗಳಲ್ಲಿ ನನ್ನದೊಂದು ಕೋರಿಕೆ. ಮುಂದಿನ ಗ್ರಾಮಸಭೆಯ ಡಂಗುರ ಕೇಳಿದ ದಿನ ಮೇಲಿನ ತರಗತಿಯ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿರಿ. ಶಾಲೆಯ ಕೊರತೆಗಳನ್ನು ಕನ್ನಡದಲ್ಲಿ ಬರೆದ ಅರ್ಜಿಯೂ, ಅದರ ತೆಲುಗು ಪ್ರತಿಯೂ ಕೈಯಲ್ಲಿರಲಿ. ಓದಿ ಹೇಳಿದ ಮೇಲೆ ನಡವಳಿಯಲ್ಲಿ ಬರೆಸಿ, ಬರೆದದ್ದನ್ನು ಗಟ್ಟಿಯಾಗಿ ಓದಿಸಿಯೇ ಅಲ್ಲಿಂದ ಏಳಿರಿ.